ಕಾಫಿ ಬಿದ್ದಾಗ ತೆರೆದ ಕೋಣೆಗಳು

ಕೊಡಗಿನ ಕಡೆ ಅಬ್ಬಿ ಎಂದರೇ ಜಲಪಾತ. ಹಾಗಾಗಿ ಮಡಿಕೇರಿಯ ‘ಅಬ್ಬಿ ಫಾಲ್ಸ್’ಗೆ ‘ಜಲಪಾತ ಜಲಪಾತ’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ. ಬ್ರಿಟಿಷರು ಅದನ್ನು ಜೆಸ್ಸಿ ಫಾಲ್ಸ್ ಎಂದು ಕರೆದಿದ್ದರು. ಊರಿನ ಪಾದ್ರಿಯೊಬ್ಬರ ಮಗಳ ಹೆಸರದು ಎನ್ನುತ್ತಾರೆ. ಜೆಸ್ಸಿಯನ್ನು ಜನ ಮರೆತರು, ಅಬ್ಬಿ ಉಳಿಯಿತು. ಆಮೇಲೆ ಇಂಗ್ಲಿಷಿನಲ್ಲಿ ಫಲಕ ಬರೆಯುವವರು ಬಂದು, ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಬಳಸುವ ಕಾಗುಣಿತವನ್ನು ಅದಕ್ಕೆ ಅಂಟಿಸಿದರು. ಕಾಫಿ ಗಿಡಗಳ ನಡುವಿನ ಮೆಟ್ಟಿಲಿಳಿದು ಹೋದವರು ಮಠವೆಲ್ಲಿ ಎಂದು ಹುಡುಕಿದರೆ ತಪ್ಪು ಅವರದಲ್ಲ.

ಕೊಡಗನ್ನು ಹೊರಗಿನವರಿಗೆ ತೋರಿಸಿದ ಚರಿತ್ರೆಯಲ್ಲಿ ಇಂಥ ಎರವಲು ಹೆಸರುಗಳು ಬೇಕಾದಷ್ಟಿವೆ. ಕೊಡಗು ‘ಕೂರ್ಗ್’ ಆಯಿತು. ಮುದ್ದುರಾಜನ ಕೇರಿಯಾಗಿದ್ದ ಮಡಿಕೇರಿ ‘ಮರ್ಕೆರಾ’ ಆಯಿತು. ಇಡೀ ನಾಡು ‘ಭಾರತದ ಸ್ಕಾಟ್ಲೆಂಡ್’ ಆಯಿತು. ಹೆಚ್ಚುಕಡಿಮೆ ಇದೇ ಬಿರುದನ್ನು ಶಿಲ್ಲಾಂಗ್‌ನವರೂ ಹೊತ್ತುಕೊಂಡು ತಿರುಗುತ್ತಾರೆ. ಸ್ಕಾಟ್ಲೆಂಡಿನಲ್ಲಿ ಕಾಫಿ ಬೆಳೆಯುವುದಿಲ್ಲ, ಹಲಸಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುವುದಿಲ್ಲ, ಆನೆ ತೋಟಕ್ಕೆ ನುಗ್ಗುವುದಿಲ್ಲ. ಮಂಜು ಕವಿದ ಗುಡ್ಡಗಳನ್ನು ಕಂಡು ಯಾರೋ ಸಾಹೇಬರಿಗೆ ತಮ್ಮೂರು ನೆನಪಾದದ್ದನ್ನು ನಾವು ಇಂದಿಗೂ ಬಸ್ಸಿನ ಬೆನ್ನ ಮೇಲೆ ಬರೆಸಿಕೊಳ್ಳುತ್ತಿದ್ದೇವೆ.

ಸರ್ಕಾರದ ವರದಿಗಳನ್ನು ಓದಿದರೆ ಪ್ರವಾಸೋದ್ಯಮದ ಚರಿತ್ರೆ ಎಂದರೆ ನಿಗಮ, ಘೋಷಣೆ, ಉತ್ಸವ, ಉದ್ಘಾಟನೆ. ಅವೆಲ್ಲ ನಡೆದದ್ದು ನಿಜವೇ. ಆದರೆ ಈ ಜಿಲ್ಲೆಯ ಮನೆಗಳ ಬಾಗಿಲನ್ನು ಅಪರಿಚಿತರಿಗೆ ತೆರೆಸಿದ್ದು ಕಾಫಿ ಚೀಲದ ಬೆಲೆ ಎಂಬುದು ನನ್ನ ಅನಿಸಿಕೆ. ಅದನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಕೊಡಗಿಗೆ ಮೊದಲಿನಿಂದಲೂ ಬರುತ್ತಿದ್ದವರು ಯಾತ್ರಿಕರು. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥ ಉಕ್ಕುವ ಗಳಿಗೆಗಾಗಿ ಹಳೆ ಮೈಸೂರಿನಿಂದ, ತಮಿಳುನಾಡಿನಿಂದ ಜನ ಗುಡ್ಡ ಹತ್ತಿ ಬರುತ್ತಿದ್ದರು. ಭಾಗಮಂಡಲದ ಸಂಗಮದಲ್ಲಿ ಮುಳುಗಿ, ತಂಬಿಗೆಯಲ್ಲಿ ತೀರ್ಥ ತುಂಬಿಕೊಂಡು ಹಿಂದಿರುಗುತ್ತಿದ್ದರು. ಅವರು ನೋಡಲು ಬಂದದ್ದು ಕಾವೇರಿಯನ್ನು; ಕೊಡಗು ದಾರಿಯಲ್ಲಿ ಸಿಗುವ ಕಾಡು, ಅಷ್ಟೆ. ನೋಟ ಸವಿಯಲೆಂದೇ ಗುಡ್ಡ ಹತ್ತುವ ಅಭ್ಯಾಸ ಬೇರೆಯ ದಾರಿಯಿಂದ ಬಂತು.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡಿತು. ಇಪ್ಪತ್ತು ವರ್ಷ ಕಳೆದು, 1854ರಲ್ಲಿ, ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ಕಾಫಿ ತೋಟ ಹಾಕಿದ. ಅವನ ಹಿಂದೆ ಉಳಿದವರು ಸಾಲುಗಟ್ಟಿ ಬಂದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ 1855ರಲ್ಲಿ ‘ಕೂರ್ಗ್ ಮೆಮ್ವಾರ್ಸ್’ ಪ್ರಕಟಿಸಿದ. ಮಡಿಕೇರಿಯಲ್ಲಿ ಶಾಲೆ ನಡೆಸುತ್ತಿದ್ದ ಪಾದ್ರಿ ರಿಕ್ಟರ್ 1870ರಲ್ಲಿ ಈ ಸೀಮೆಯ ಬೆಟ್ಟ, ಹೊಳೆ, ಮಳೆ, ಜಾತಿ, ಹಬ್ಬ ಎಲ್ಲವನ್ನೂ ಕೂಡಿಸಿ ಒಂದು ಕೈಪಿಡಿ ಬರೆದ. ಇವು ಪ್ರವಾಸಿಗಳಿಗೆಂದು ಬರೆದ ಪುಸ್ತಕಗಳಲ್ಲ. ಆದರೂ ಕೊಡಗನ್ನು ಹೊರಗಿನ ಓದುಗ ಕಣ್ಣಾರೆ ಕಂಡಂತೆ ವರ್ಣಿಸುವ ಪದ್ಧತಿಗೆ ಬುನಾದಿ ಅಲ್ಲಿ ಬಿತ್ತು. ದಟ್ಟ ಕಾಡು, ಮಂಜು, ಕತ್ತಿ ಸಿಕ್ಕಿಸಿಕೊಂಡ ಗಂಭೀರ ಗಂಡಸರು, ಸೀರೆಯ ನೆರಿಗೆಯನ್ನು ಬೆನ್ನಿಗೆ ಬಿಟ್ಟ ಹೆಂಗಸರು: ಇವತ್ತಿನ ಕರಪತ್ರಗಳ ಚಿತ್ರಗಳೂ ಅವೇ.

ಕನ್ನಡಿಗರ ಮನಸ್ಸಿನಲ್ಲಿ ಈ ನಾಡನ್ನು ನೆಟ್ಟವರು ಮಾತ್ರ ಪಂಜೆ ಮಂಗೇಶರಾಯರು. ದಕ್ಷಿಣ ಕನ್ನಡದಿಂದ ಮಡಿಕೇರಿಯ ಶಾಲೆಗೆ ಬಂದ ಈ ಮೇಷ್ಟರು ಬರೆದ ‘ಹುತ್ತರಿ ಹಾಡು’ ಪಠ್ಯಪುಸ್ತಕಗಳ ಮೂಲಕ ರಾಜ್ಯದ ಮೂಲೆಮೂಲೆಗೂ ಹೋಯಿತು. ಬೀದರ್‌ನಲ್ಲೋ ಬಳ್ಳಾರಿಯಲ್ಲೋ ಕುಳಿತು, ಒಮ್ಮೆಯೂ ಕೊಡಗು ನೋಡದ ಮಕ್ಕಳು ಅದನ್ನು ರಾಗವಾಗಿ ಹಾಡಿದರು. ಅದಕ್ಕಿಂತ ದೊಡ್ಡ ಪ್ರಚಾರವನ್ನು ಯಾವ ಇಲಾಖೆಯೂ ಮಾಡಿಲ್ಲ, ಅದಕ್ಕೆ ಖರ್ಚೂ ಆಗಿಲ್ಲ.

ಆಗ ಪಕ್ಕದ ಮೈಸೂರಿನ ರೀತಿ ಬೇರೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಎದ್ದಿತು, ಕಾರಂಜಿಗೆ ಬಣ್ಣದ ದೀಪ ಬಿತ್ತು, ದಸರೆ ಜಗತ್ತಿಗೆ ತೋರಿಸುವ ಹಬ್ಬವಾಯಿತು. ಕೊಡಗು ಚೀಫ್ ಕಮಿಷನರ್ ಕೈಯಲ್ಲಿದ್ದ ಪುಟ್ಟ ಪ್ರಾಂತ್ಯ. ಅಲ್ಲಿ ಮೆರೆಸಲು ರಾಜನೂ ಇರಲಿಲ್ಲ, ಮೆರೆಯುವ ಆಸೆಯೂ ಇರಲಿಲ್ಲ. ಊಟಿಯಂತೆ ಸರ್ಕಾರವೇ ಬೇಸಿಗೆಗೆ ಬಂದು ಕೂರುವ ಊರೂ ಅದಾಗಲಿಲ್ಲ. ತೋಟದ ದೊರೆಗಳಿಗೆ ಅವರ ಕ್ಲಬ್ಬುಗಳಿದ್ದವು. ಉಳಿದವರಿಗೆ ಟ್ರಾವೆಲರ್ಸ್ ಬಂಗಲೆ, ಅಲ್ಲೊಬ್ಬ ಮೇಟಿ, ಅವನು ಮಾಡಿಹಾಕುವ ಕೋಳಿಸಾರು.

1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿಗೆ ಸೇರಿತು. 1971ರಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿತು. ಮುಂದೆ ಮಡಿಕೇರಿಯ ದಿಣ್ಣೆಯ ಮೇಲೆ ಅದರ ‘ಮಯೂರ’ ಹೋಟೆಲ್ ಬಂತು. ಅದೇ 1971ರಲ್ಲಿ ಪುಟ್ಟಣ್ಣ ಕಣಗಾಲರ ‘ಶರಪಂಜರ’ ತೆರೆಕಂಡು, ಕೊಡಗಿನ ಹಾಡೊಂದು ರೇಡಿಯೊ ಹಿಡಿದು ಮನೆಮನೆಗೆ ಹೋಯಿತು. ಹೊಸದಾಗಿ ಮದುವೆಯಾದವರು ಮಡಿಕೇರಿಗೆ ಹೋಗುವ ರೂಢಿಗೆ ಆ ಹಾಡಿನ ಕಾಣಿಕೆಯೂ ಇದ್ದಿರಬೇಕು. ಇಷ್ಟಾದರೂ ಪ್ರವಾಸ ಎಂದರೆ ರಾಜಾಸೀಟಿನ ಸೂರ್ಯಾಸ್ತ, ಓಂಕಾರೇಶ್ವರ, ಅಬ್ಬಿ, ಬಿಡುವಿದ್ದರೆ ತಲಕಾವೇರಿ. ಒಂದು ರಾತ್ರಿಗೆ ಮುಗಿಯುತ್ತಿತ್ತು. ರೈಲು ಮಾರ್ಗವೇ ಇಲ್ಲದ ಈ ಜಿಲ್ಲೆಯಲ್ಲಿ ಓಡಿದ ಒಂದೇ ಒಂದು ರೈಲು ರಾಜಾಸೀಟಿನ ಪಕ್ಕದ ಮಕ್ಕಳ ಪುಟಾಣಿ ರೈಲು ಎಂಬುದು ಹಳಬರ ನಗೆಮಾತು.

ಎಂಬತ್ತರ ದಶಕದಲ್ಲಿ ಸರ್ಕಾರಕ್ಕೆ ಕಾಡಿನ ಮೇಲೆ ಕಣ್ಣುಬಿತ್ತು. ಕುಶಾಲನಗರದವರೇ ಆದ ಗುಂಡೂರಾವ್ ಮುಖ್ಯಮಂತ್ರಿಯಾದ 1980ರಲ್ಲೇ ‘ಜಂಗಲ್ ಲಾಡ್ಜಸ್’ ಸಂಸ್ಥೆ ಆರಂಭವಾಯಿತು. ನೇಪಾಳದ ‘ಟೈಗರ್ ಟಾಪ್ಸ್’ನವರ ಜೊತೆಗೂಡಿ, ಕೊಡಗಿಗೆ ತಾಗಿದ ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ ಮೈಸೂರು ಅರಸರ ಹಳೆಯ ಬೇಟೆ ಬಂಗಲೆಗೆ ಹೊಸ ಜೀವ ಕೊಟ್ಟರು. ಒಂದು ಕಾಲದ ಬೇಟೆಗಾರ ಕರ್ನಲ್ ಜಾನ್ ವೇಕ್‌ಫೀಲ್ಡ್ ಅಲ್ಲಿಯೇ ನೆಲೆಸಿ, ‘ಪಾಪಾ’ ಎನಿಸಿಕೊಂಡು, 2010ರಲ್ಲಿ ಕಣ್ಣುಮುಚ್ಚುವವರೆಗೂ ಬಂದವರಿಗೆ ಕಾಡಿನ ಕಥೆ ಹೇಳುತ್ತಿದ್ದರು. ಸರ್ಕಾರಿ ಸಂಸ್ಥೆಯೊಂದು ಚೊಕ್ಕವಾಗಿ ನಡೆಯಬಲ್ಲದು ಎಂಬುದಕ್ಕೆ ಕಬಿನಿ ದಡದ ಈ ಲಾಡ್ಜನ್ನು ಉದಾಹರಿಸುವುದುಂಟು, ಒಪ್ಪತಕ್ಕ ಮಾತೇ.

ಅದೇ ಕಾಡಿನ ಇನ್ನೊಂದು ಬದಿಯ ಕಥೆಯನ್ನು ಕರಪತ್ರದಲ್ಲಿ ಯಾರೂ ಅಚ್ಚು ಹಾಕುವುದಿಲ್ಲ. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಅಲ್ಲಿನ ಜೇನುಕುರುಬರು, ಯರವರು ತಮ್ಮ ಹಾಡಿಗಳಲ್ಲಿ ಒಲೆಗೆ ಸೌದೆ ತರುವುದೂ ಅಪರಾಧವಾಗತೊಡಗಿತು. ತೊಂಬತ್ತರ ದಶಕದ ನಡುವೆ ಅದೇ ಉದ್ಯಾನದೊಳಗೆ, ಮುರ್ಕಲ್‌ನಲ್ಲಿ, ದೊಡ್ಡ ಹೋಟೆಲ್ ಸಮೂಹವೊಂದಕ್ಕೆ ರೆಸಾರ್ಟ್ ನಡೆಸಲು ಸರ್ಕಾರ ಗುತ್ತಿಗೆ ಕೊಟ್ಟಿತು. ಅಲ್ಲೇ ಹುಟ್ಟಿದವರಿಗೆ ಜಾಗವಿಲ್ಲದ ಕಾಡಿನಲ್ಲಿ ಬಾಡಿಗೆ ಕೊಡುವವರಿಗೆ ಹಾಸಿಗೆ! ಆದಿವಾಸಿಗಳು ಸಂಘಟಿತರಾಗಿ ಪ್ರತಿಭಟಿಸಿದರು, ಹೈಕೋರ್ಟಿಗೂ ಹೋದರು. ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯಭೂಮಿಯನ್ನು ಹೀಗೆ ವಹಿಸಿಕೊಟ್ಟದ್ದು ಕಾನೂನಿಗೆ ವಿರುದ್ಧ ಎಂದು 1997ರಲ್ಲಿ ತೀರ್ಪು ಬಂತು. ರಾಜ್ಯದ ಪ್ರವಾಸೋದ್ಯಮಕ್ಕೆ ‘ಇಲ್ಲಿಗೆ ನಿಲ್ಲು’ ಎಂದು ಹೇಳಿದವರಲ್ಲಿ ಮೊದಲಿಗರು ಪರಿಸರದ ವಿದ್ವಾಂಸರೇನಲ್ಲ, ಹಾಡಿಯ ಜನ.

ಇನ್ನು ಕಾಫಿಗೆ ಬರೋಣ.

1942ರ ಕಾಯ್ದೆಯ ಮೇಲೆ ಐವತ್ತು ವರ್ಷ ಬೆಳೆಗಾರ ತನ್ನ ಕಾಫಿಯನ್ನು ತಾನು ಮಾರುವಂತಿರಲಿಲ್ಲ. ಮನೆಬಳಕೆಗೆ ಇಷ್ಟು, ಬಿತ್ತನೆಗೆ ಇಷ್ಟು ಎಂದು ಬಿಟ್ಟರೆ ಉಳಿದದ್ದೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಹೋಗಬೇಕು. ಮಂಡಳಿ ಎಲ್ಲರ ಕಾಫಿಯನ್ನೂ ಒಟ್ಟಿಗೆ ಹರಾಜು ಹಾಕಿ, ಹಣವನ್ನು ಕಂತುಕಂತಾಗಿ ಕೊಡುತ್ತಿತ್ತು. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಕೊಯ್ಲೇ ಮುಗಿದಿರುತ್ತಿತ್ತು. ಬೆಳೆಗಾರರು ಇದನ್ನು ಬೈಯುತ್ತಲೇ ಬಂದರು. ಆದರೆ ಆ ಪದ್ಧತಿಯಲ್ಲಿ ಬೆಲೆ ಆಕಾಶಕ್ಕೂ ಏರುತ್ತಿರಲಿಲ್ಲ, ಪಾತಾಳಕ್ಕೂ ಬೀಳುತ್ತಿರಲಿಲ್ಲ. ತೊಂಬತ್ತರ ದಶಕದ ಉದಾರೀಕರಣದಲ್ಲಿ ಹಂತಹಂತವಾಗಿ ಕಟ್ಟು ಸಡಿಲಿಸಿ, 1996ಕ್ಕೆ ಎಲ್ಲರಿಗೂ ಮುಕ್ತ ಮಾರಾಟದ ಹಕ್ಕು ಕೊಟ್ಟರು. ಮುಹೂರ್ತವೂ ಕೂಡಿಬಂದಿತ್ತು: 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟು, ಜಗತ್ತಿನ ಕಾಫಿ ಬೆಲೆ ಜಿಗಿದಿತ್ತು. ಆ ಮೂರ್ನಾಲ್ಕು ವರ್ಷ ಕೊಡಗು ಕಂಡ ದುಡ್ಡನ್ನು ಹಿಂದೆ ಕಂಡಿರಲಿಲ್ಲ. ಜೀಪು ಬಂದವು. ಮಕ್ಕಳು ಬೆಂಗಳೂರಿಗೆ ಓದಲು ಹೋದರು. ಹಳೆಯ ಮನೆಗಳ ಪಕ್ಕದಲ್ಲಿ, ಕೋಣೆಗೊಂದು ಬಚ್ಚಲು ಇರುವ ಹೊಸ ಮನೆಗಳೆದ್ದವು.

ಈ ಬಚ್ಚಲುಗಳನ್ನು ನೆನಪಿನಲ್ಲಿಡಿ.

ತೊಂಬತ್ತರ ಕೊನೆಗೆ ವಿಯೆಟ್ನಾಂನ ರೊಬಸ್ಟಾ ಮಾರುಕಟ್ಟೆಗೆ ನುಗ್ಗಿತು. ನೋಡನೋಡುತ್ತ ಆ ದೇಶ ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದುನಿಂತಿತು. ಬೆಲೆಯನ್ನು ತಡೆಹಿಡಿಯುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾಗಳು 1989ರಲ್ಲೇ ಮುರಿದುಬಿದ್ದಿದ್ದವು. 2001-02ರ ಹೊತ್ತಿಗೆ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 500 ಡಾಲರ್‌ಗೂ ಕೆಳಗೆ ಇಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ಬೆಲೆ ಅದು. ಇಲ್ಲಿನ ಬೆಳೆಗಾರರಲ್ಲಿ ಹೆಚ್ಚಿನವರು ಹತ್ತು ಹೆಕ್ಟೇರಿಗೂ ಕಡಿಮೆ ತೋಟದವರು. ಬ್ಯಾಂಕಿನ ಸಾಲ ಬೆಳೆಯಿತು, ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹತ್ತಿತು, ಕಣದಲ್ಲಿ ಒಣಗಿದ ಚೆರಿಯನ್ನು ಮಾರುವುದೋ ಮೂಟೆ ಕಟ್ಟಿಡುವುದೋ ತಿಳಿಯದಾಯಿತು. ಮಕ್ಕಳು ಬೆಂಗಳೂರಿನಲ್ಲಿ. ದೊಡ್ಡ ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಮತ್ತು ಆ ಖಾಲಿ ಕೋಣೆಗಳು, ಬಚ್ಚಲ ಸಮೇತ.

ಕೊಡಗಿನ ಹೋಂಸ್ಟೇ ಹುಟ್ಟಿದ್ದು ಹೀಗೆ. ಯಾವ ನೀತಿಯೂ ಅದನ್ನು ಹುಟ್ಟಿಸಲಿಲ್ಲ. ಇಲಾಖೆ ನಿಯಮ ಬರೆದದ್ದು, ನೋಂದಣಿ ಆರಂಭಿಸಿದ್ದು ಎಲ್ಲವೂ ಆಮೇಲೆ. ಮೊದಮೊದಲು ಗೆಳೆಯರ ಗೆಳೆಯರು ಬಂದರು, ಅವರು ಹೇಳಿದರೆಂದು ಇನ್ನೊಬ್ಬರು ಬಂದರು. ಐನ್‌ಮನೆಯ (ಕುಲದ ಮೂಲಮನೆಯ) ಸಂಪ್ರದಾಯದಲ್ಲಿ ಮನೆಗೆ ಬಂದವನಿಗೆ ಊಟ ಹಾಕಿ ದುಡ್ಡು ಕೇಳುವುದೆಂದರೆ ಒಕ್ಕಕ್ಕೇ, ಅಂದರೆ ಇಡೀ ಕುಲಕ್ಕೇ ಕಳಂಕ. ಹಾಗಾಗಿ ಆರಂಭದ ದಿನಗಳಲ್ಲಿ ಬಿಲ್ ಕೊಡುವ ಕ್ಷಣ ಎರಡೂ ಕಡೆಯವರಿಗೆ ಮುಜುಗರದ್ದಾಗಿತ್ತು. ಬೆಳಿಗ್ಗೆ ಜೊತೆಗೆ ಕುಳಿತು ನೂಪುಟ್ಟು ತಿಂದು, ಮಧ್ಯಾಹ್ನ ತೋಟ ಸುತ್ತಿಸಿ, ರಾತ್ರಿ ಒಲೆಯ ಪಕ್ಕ ಅಜ್ಜನ ಕೋವಿಯ ಕಥೆ ಹೇಳಿದವರು, ಹೊರಡುವಾಗ ಚೀಟಿ ಕೊಡುವುದು ಹೇಗೆ? ಎಷ್ಟೋ ಮನೆಗಳಲ್ಲಿ ಈ ಕೆಲಸ ಮನೆಯ ಹೆಂಗಸರ ಪಾಲಿಗೆ ಬಂತು. ದುಡಿಮೆಯೂ ಅವರದೇ ಆಗಿತ್ತೆನ್ನಿ. ಕಡಂಬುಟ್ಟು ಬೇಯಿಸಿದವರು, ಪಂದಿಕರಿಗೆ ಕಾಚಂಪುಳಿ ಎಷ್ಟು ಬೀಳಬೇಕೆಂದು ಬಲ್ಲವರು, ಹಾಸಿಗೆ ಬದಲಿಸಿದವರು ಅವರೇ. ತೋಟದ ದುಡ್ಡು ವರ್ಷಕ್ಕೊಮ್ಮೆ ಗಂಡಸರ ಕೈಗೆ ಬರುತ್ತಿತ್ತು, ಕೋಣೆಯ ದುಡ್ಡು ವಾರವಾರ ಹೆಂಗಸರ ಕೈಗೆ ಬರತೊಡಗಿತು. ಯಾರೂ ಘೋಷಿಸದ ಈ ಬದಲಾವಣೆಯೇ ಕೊಡಗಿನ ಪ್ರವಾಸೋದ್ಯಮದ ಅತ್ಯುತ್ತಮ ಅಧ್ಯಾಯ ಎನ್ನುತ್ತೇನೆ.

ಮಾರಲು ಕೋಣೆ ಸಿಕ್ಕಿತು. ಮಾರಲು ಋತುವನ್ನು ಕೊಟ್ಟದ್ದು ಸಿನಿಮಾ.

ಮಳೆಗಾಲವನ್ನು ಕೊಡಗು ಎಂದೂ ಅತಿಥಿಗಳಿಗೆ ತೋರಿಸಿದ್ದಿಲ್ಲ. ಜುಲೈ–ಆಗಸ್ಟಿನ ಕಕ್ಕಡ ತಿಂಗಳು ಮದುವೆ ಮುಂಜಿಗಳಿಲ್ಲದ ಕಾಲ. ಸೌದೆ ಮೊದಲೇ ಕೂಡಿಟ್ಟಿರಬೇಕು, ಗದ್ದೆಯಲ್ಲಿ ನಾಟಿ ಮುಗಿಯಬೇಕು. ಹದಿನೆಂಟನೆಯ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಕುಡಿದು, ಇನ್ನು ಕೈಲ್‌ಪೊಳ್ದ್ ಹಬ್ಬ ಬಂದರೆ ಸಾಕಪ್ಪಾ ಎಂದು ಕಾಯುವ ದಿನಗಳು. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಈ ಲೆಕ್ಕವನ್ನು ತಿರುವುಮುರುವು ಮಾಡಿತು. ಚಿತ್ರದ ನಾಯಕ ಮಡಿಕೇರಿಗೆ ಹೋಗುತ್ತಾನೆ, ಮಳೆ ಸುರಿಯುತ್ತದೆ, ಇಡೀ ಕರ್ನಾಟಕ ನೆನೆಯುತ್ತದೆ. ವರ್ಷವೊಂದು ಕಳೆದು, 2008ರ ಮೊದಲಲ್ಲಿ, ಅದೇ ಯೋಗರಾಜ್ ಭಟ್ಟರ ‘ಗಾಳಿಪಟ’ ಬಂತು. ಅದರಲ್ಲಿ ‘ಮುಗಿಲುಪೇಟೆ’ಯಾಗಿ ಕಂಡ ಹುಲ್ಲುಗುಡ್ಡ ಮಾಂದಲಪಟ್ಟಿ. ದನ ಮೇಯುತ್ತಿದ್ದ ಆ ಬೋಳುನೆತ್ತಿಗೆ ನಸುಕಿನಲ್ಲೇ ಜೀಪುಗಳ ಸಾಲು ಹತ್ತತೊಡಗಿತು. ಕಲ್ಲು, ಗುಂಡಿಗಳ ಆ ದಾರಿಯಲ್ಲಿ ಸೊಂಟ ಹಿಡಿದುಕೊಂಡು ಹೋಗಿಬಂದವರೆಲ್ಲ ಅದನ್ನು ‘ಅನುಭವ’ ಎಂದು ವರ್ಣಿಸುತ್ತಾರೆ. ಹಿಂದೆ ಯಾರಿಗೂ ಬೇಡವಾಗಿದ್ದ ಜುಲೈ ತಿಂಗಳಿಗೂ ದರ ಬಂತು. ಬೆಂಗಳೂರಿನಲ್ಲಿ ಐದು ದಿನ ಕಂಪ್ಯೂಟರ್ ಮುಂದೆ ಕೂರುವ ಒಂದು ತಲೆಮಾರು ಶುಕ್ರವಾರ ಸಂಜೆ ಹೊರಡಲು ಸಿದ್ಧವಾಗಿಯೇ ಇತ್ತು.

ಅಲ್ಲಿಂದಾಚೆಗಿನದು ಅವಸರದ ಕಥೆ. ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು, ಬಾಡಿಗೆ ಕೋಣೆಗಳು ಐದನ್ನು ಮೀರಬಾರದು ಎನ್ನುತ್ತದೆ ನಿಯಮ. ನಡೆಯುವುದೇ ಬೇರೆ. ಹೊರಊರಿನವರು ತೋಟ ಕೊಂಡರು, ಗುಡ್ಡದ ಅಂಚನ್ನು ಕಡಿದು ಸಾಲುಕೋಣೆ ಕಟ್ಟಿದರು, ಒಬ್ಬ ಮೇಲ್ವಿಚಾರಕನನ್ನಿಟ್ಟು ಅದನ್ನೂ ಹೋಂಸ್ಟೇ ಎಂದರು. ‘ಸ್ಟೇ’ ಇದೆ, ‘ಹೋಂ’ ಎಲ್ಲಿದೆ? ನೋಂದಣಿಯಿಲ್ಲದೆ ನಡೆಯುವವು ಎಷ್ಟು ಎಂಬ ಜಗಳ ಜಿಲ್ಲೆಯ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಐದೂವರೆ ಲಕ್ಷ ಜನರ ಜಿಲ್ಲೆಗೆ ವರ್ಷಕ್ಕೆ ಅದರ ಹಲವು ಪಟ್ಟು ಮಂದಿ ಬರುತ್ತಾರೆ. ಅವರ ಕಸಕ್ಕೆ, ಅವರ ಕಾರುಗಳಿಗೆ ಮಡಿಕೇರಿಯ ಬೀದಿಗಳಲ್ಲಿ ಜಾಗವಿಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ತೆರೆದ ಮೇಲೆ ದೂರ ಇನ್ನಷ್ಟು ಕಿರಿದಾಯಿತು.

ಮಾರಾಟಕ್ಕಿರುವ ವಸ್ತುಗಳನ್ನೂ ನೋಡಿ. ಕುಶಾಲನಗರದಿಂದ ಮಡಿಕೇರಿವರೆಗೆ ರಸ್ತೆಯುದ್ದಕ್ಕೂ ‘ಹೋಂಮೇಡ್ ಚಾಕೊಲೇಟ್’. ಈ ಮಣ್ಣಿಗೂ ಚಾಕೊಲೇಟಿಗೂ ಯಾವ ನಂಟೂ ಇಲ್ಲ. ಊಟಿಯ ಅಂಗಡಿಗಳನ್ನು ನೋಡಿ ಕಲಿತದ್ದು. ಜೇನಿನದು ನೋವಿನ ಕಥೆ. ಕೊಡಗಿನ ಜೇನಿಗೆ ನಿಜಕ್ಕೂ ಹೆಸರಿತ್ತು, ಜೇನು ಸಾಕುವವರ ಸಹಕಾರ ಸಂಘ ವಿರಾಜಪೇಟೆಯಲ್ಲಿ ಬಲವಾಗಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಜೇನಿನ ಗೂಡುಗಳನ್ನು ಬರಿದು ಮಾಡಿತು. ಹುಳ ಹೋಯಿತು, ಹೆಸರು ಉಳಿಯಿತು. ಈಗ ರಸ್ತೆಬದಿಯಲ್ಲಿ ಕಾಣುವಷ್ಟು ಬಾಟಲಿಗಳನ್ನು ತುಂಬಿಸುವ ಜೇನು ಈ ಕಾಡುಗಳಲ್ಲಿದೆ ಎಂದು ನಾನಂತೂ ನಂಬಲಾರೆ. ಕಿತ್ತಳೆಗೂ ಹೆಚ್ಚುಕಡಿಮೆ ಅದೇ ಗತಿ.

ಹೋಂಸ್ಟೇ ಅಂಗಳದಿಂದ ಕಾಣದ ಇನ್ನೊಂದು ಸಾಲು ಮನೆಗಳಿವೆ: ತೋಟದ ಕೆಲಸದವರ ಲೈನ್ ಮನೆಗಳು. ‘ಪ್ಲಾಂಟೇಷನ್ ವಾಕ್’ಗೆ ಹೊರಟ ಅತಿಥಿಗಳನ್ನು ಕಣದ ದಾರಿಯಲ್ಲಿ, ಮೆಣಸಿನ ಬಳ್ಳಿಯ ದಾರಿಯಲ್ಲಿ ಕರೆದೊಯ್ಯುತ್ತಾರೆ. ಲೈನಿನ ದಾರಿಯಲ್ಲಿ ಕರೆದೊಯ್ಯುವವರನ್ನು ನಾನು ಕಂಡಿಲ್ಲ.

2018ರ ಆಗಸ್ಟ್ ನಡುವೆ, ಸರಿಯಾಗಿ ಕಕ್ಕಡದ ಕೊನೆಗೆ, ಮಡಿಕೇರಿ ಸುತ್ತಿನ ಗುಡ್ಡಗಳು ಜಾರಿದವು. ಮಕ್ಕಂದೂರು, ಜೋಡುಪಾಲ ಎಂಬ, ಹೊರಗಿನವರು ಕೇಳಿಯೇ ಇರದ ಊರುಗಳ ಹೆಸರು ಟಿ.ವಿ.ಯಲ್ಲಿ ದಿನವಿಡೀ ಓಡಿತು. ಜೀವಗಳು ಹೋದವು, ಸಾವಿರಾರು ಮಂದಿ ಪರಿಹಾರ ಕೇಂದ್ರ ಸೇರಿದರು. ಪ್ರವಾಸಿಗರು ಬರಲೇಕೂಡದು ಎಂದು ಜಿಲ್ಲಾಡಳಿತ ಆದೇಶಿಸಿತು. ಎಡೆಬಿಡದ ಮಳೆಯೇ ಮುಖ್ಯ ಕಾರಣ. ಇಳಿಜಾರನ್ನು ಕಡಿದು ಮಟ್ಟ ಮಾಡಿದ್ದೂ, ನೀರಿನ ಸಹಜ ದಾರಿ ಮುಚ್ಚಿದ್ದೂ ಅದಕ್ಕೆ ಕೂಡಿಕೊಂಡವು ಎಂದು ಭೂವಿಜ್ಞಾನಿಗಳು ಹೇಳಿದರು. ರೆಸಾರ್ಟುಗಳದ್ದೇ ತಪ್ಪು ಎಂದು ಒಂದು ಗುಂಪು, ರೆಸಾರ್ಟೇ ಇಲ್ಲದ ಗುಡ್ಡವೂ ಜಾರಿದೆಯಲ್ಲ ಎಂದು ಇನ್ನೊಂದು ಗುಂಪು. ಎರಡು ಮಾತಿನಲ್ಲೂ ಸತ್ಯವಿತ್ತು, ಎರಡೂ ಪೂರ್ತಿಯಾಗಿರಲಿಲ್ಲ. ಮರುವರ್ಷ ತೋರದಲ್ಲಿ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲೇ ಗುಡ್ಡ ಕುಸಿಯಿತು. ಅಷ್ಟರಲ್ಲಿ ‘ಕೊಡಗು ಸುರಕ್ಷಿತ, ಬನ್ನಿ’ ಎಂದು ಕರೆಯುವ ಕೆಲಸವೂ ಶುರುವಾಗಿತ್ತು. ಕರೆದವರನ್ನು ದೂಷಿಸಲಾರೆ, ಸಾಲ ಮಾಡಿ ಕೋಣೆ ಕಟ್ಟಿದವರಿಗೆ ಬೇರೆ ದಾರಿ ಇರಲಿಲ್ಲ. ಮಾರಿಕೊಂಡ ಮಳೆಯೇ ಬಾಗಿಲಿಗೆ ಬಂದು ನಿಂತಿದ್ದ ದಿನಗಳವು.

ಈಚೆಗೆ ಕಾಫಿ ಮತ್ತೆ ಮಾತಾಡಿದೆ. ವಿಯೆಟ್ನಾಂನಲ್ಲಿ ಫಸಲು ಕುಸಿದು, 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2001ರ ಹತ್ತು ಪಟ್ಟು! ಆಗ ಕೋಣೆ ತೆರೆದವರಲ್ಲಿ ಕೆಲವರಾದರೂ ಈಗ, ಶನಿವಾರ ರಾತ್ರಿಯ ಗಲಾಟೆಗೆ ಇನ್ನು ಬಾಗಿಲು ಹಾಕೋಣವೇ ಎಂದು ಯೋಚಿಸುವುದು ಸಹಜ. ಮೂರನೆಯವರ ಕೈಗೆ ಗುತ್ತಿಗೆ ಕೊಟ್ಟ ಸಾಲುಕೋಣೆಗಳಿಗೆ ಆ ಯೋಚನೆ ಬರುವುದಿಲ್ಲ; ಅವುಗಳ ಹಿಂದೆ ತೋಟವಿಲ್ಲ, ಸಾಲವಷ್ಟೇ ಇದೆ.

ಹೋಗುವುದಾದರೆ ಹೋಗಿ. ಆದರೆ ಗೊತ್ತುಮಾಡುವ ಮೊದಲು ಒಂದು ಫೋನ್ ಮಾಡಿ, ನೋಂದಣಿ ಇದೆಯೇ, ಮನೆಯವರು ಅದೇ ಮನೆಯಲ್ಲಿರುತ್ತಾರೆಯೇ ಎಂದು ಕೇಳಿ. ಇದ್ದರೆ ಫೆಬ್ರುವರಿ–ಮಾರ್ಚಿನ ಹೂಮಳೆ ಬಿದ್ದ ಮೇಲೆ ತಿಳಿಸುವಂತೆ ಹೇಳಿಡಿ. ಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಇಡೀ ತೋಟ ಬಿಳಿಯಾಗುತ್ತದೆ, ಮಲ್ಲಿಗೆಯಂಥ ಘಮ ಬರುತ್ತದೆ, ಎರಡು ಮೂರು ದಿನದಲ್ಲಿ ಮುಗಿದೂ ಹೋಗುತ್ತದೆ. ಅದರ ತಾರೀಖು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ, ಮನೆಯವರಿಗೆ ಮಾತ್ರ ಗೊತ್ತಿರುತ್ತದೆ.